ಹಳೆಯ ಚಪ್ಪಲಿಯ ಅಳತೆ

“ನೀನು ದೊಡ್ಡವಳಾಗು, ಆಮೇಲೆ ನೋಡು. ಆ ಊರನ್ನ ಈ ತುದಿಯಿಂದ ಆ ತುದಿವರೆಗೂ ನಡೆಸ್ಕೊಂಡೇ ತೋರಿಸ್ತೀನಿ. ಬೀದಿಗೊಂದು ತಿಂಡಿ. ಅರ್ಧಕ್ಕೆ ನಿಲ್ಲಿಸೋ ಮಾತೇ ಇಲ್ಲ. ಸರೀನಾ?”

ಹೀಗೆ ಅವಳು ಮಾತು ಕೊಟ್ಟಾಗ ಮಗಳಿಗೆ ಇನ್ನೂ ಹಾಲುಹಲ್ಲು ಉದುರಿರಲಿಲ್ಲ. ಬಸ್ಸಿನ ಎಂಜಿನ್ ಗುರುಗುಟ್ಟುತ್ತಿತ್ತು, ಕಂಡಕ್ಟರ್ ಬಾಗಿಲು ಬಡಿಯುತ್ತಿದ್ದ, ಮಗು ಕೊರಳಿಗೆ ಜೋತುಬಿದ್ದು ಬಿಡುವಂತಿರಲಿಲ್ಲ. ಕೆಲಸ ಕೊಡಿಸಿದ ಏಜೆಂಟ್ ಒಂದು ಕ್ಯಾಲೆಂಡರ್ ಕೊಟ್ಟಿದ್ದ. ಅದರಲ್ಲಿ ಆ ಪರದೇಶದ ರಾಜಧಾನಿಯ ಚಿತ್ರಗಳು: ಕುದುರೆಯೇರಿದ ಕಂಚಿನ ಸರದಾರ, ಹಳೇ ಅರಮನೆ, ಕಲ್ಲಿನ ಸೇತುವೆ, ಕಡೆಯ ಪುಟದಲ್ಲಿ ಹಡಗುಗಳು ನಿಂತ ಬಂದರು. ಅವಳು ಪುಟ ತಿರುವಿ ತಿರುವಿ ತೋರಿಸಿದಳು. ಕುದುರೆಯಿಂದ ಬಂದರಿನವರೆಗೆ ಎಂದು ಗಡಿಯನ್ನೂ ಗೊತ್ತುಮಾಡಿದಳು. ಮಗು ಕ್ಯಾಲೆಂಡರನ್ನು ನೋಡುತ್ತಿರುವಾಗ ಅದರ ಬೆರಳು ಬಿಡಿಸಿ ತಂಗಿಯ ಕೈಗೆ ದಾಟಿಸಿ ಬಸ್ಸು ಹತ್ತಿಬಿಟ್ಟಳು.

ಅಳುವ ಮಗುವಿಗೆ ಬಾಯಿಗೆ ಬಂದದ್ದನ್ನೆಲ್ಲ ಹೇಳದ ತಾಯಿ ಯಾರಿದ್ದಾರೆ? ಹೇಳಿದವಳು ಕೆಲಸದ ಗಡಿಬಿಡಿಯಲ್ಲಿ ಮರೆಯುತ್ತಾಳೆ. ಕೇಳಿದ ಮಗು ಮರೆಯುವುದಿಲ್ಲ.

ರಾಜಧಾನಿಯಲ್ಲಿ ಅವಳಿಗೆ ಸಿಕ್ಕಿದ್ದು ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಕೆಲಸ. ಗಾಡಿಯಲ್ಲಿ ಬಂದು ಬೀಳುವ ಮೂಟೆಗಳನ್ನು ಬಿಚ್ಚಬೇಕು, ರಕ್ತದ್ದು ಬೇರೆ, ವಾಂತಿಯದ್ದು ಬೇರೆ ಎಂದು ವಿಂಗಡಿಸಬೇಕು, ಯಂತ್ರಕ್ಕೆ ತುಂಬಬೇಕು, ಹೆಣಭಾರದ ಒದ್ದೆ ಹಾಸುಬಟ್ಟೆಗಳನ್ನು ಎಳೆದು ತಳ್ಳುಗಾಡಿಗೆ ಹಾಕಬೇಕು. ಇಡೀ ದಿನ ನಿಂತೇ ಇರಬೇಕು. ನೆಲ ಯಾವಾಗಲೂ ಒದ್ದೆ, ಯಾವಾಗಲೂ ಬಿಸಿ. ಕೋಣೆಯಿಂದ ಲಾಂಡ್ರಿಗೆ, ಲಾಂಡ್ರಿಯಿಂದ ಕೋಣೆಗೆ. ಕ್ಯಾಲೆಂಡರಿನ ಊರು ಅವಳಿಗೆ ಬಸ್ಸಿನ ಕಿಟಕಿಯಲ್ಲಿ ಓಡಿಹೋಗುವ ಗೋಡೆಗಳಾಗಿಯೇ ಉಳಿಯಿತು.

ಮಗಳು ತಂಗಿಯ ಮನೆಯಲ್ಲಿ ಬೆಳೆದಳು. ತಂಗಿಯ ಮಕ್ಕಳು ಅವಳ ತಾಯಿಯನ್ನು ದೊಡ್ಡಮ್ಮ ಎನ್ನುತ್ತಿದ್ದರು. ಫೋನು ಕೈಯಿಂದ ಕೈಗೆ ದಾಟುವಾಗ ಮಗಳ ಬಾಯಲ್ಲೂ ಅದೇ ಬಂತು. ತಂಗಿ ಮೊದಮೊದಲು ಗದರಿದಳು. “ಇರಲಿ ಬಿಡೇ,” ಎಂದಳು ತಾಯಿ, ಫೋನಿನ ಈ ತುದಿಯಿಂದ. “ಕರೆಯೋದಾದ್ರೂ ಕರೀತಾಳಲ್ಲ.” ಮಗಳು ಶಾಲೆಯಲ್ಲಿದ್ದಾಗ ತಾಯಿ ಒಮ್ಮೆ ರಜೆಯ ಮೇಲೆ ಊರಿಗೆ ಹೋಗಿದ್ದಳು. ನೆಂಟರ ಹಾಗೆ ಹೋಗಿ, ನೆಂಟರ ಹಾಗೆ ಮರಳಿದಳು. ಹೊರಡುವ ಗಲಾಟೆಯಲ್ಲಿ ಅವಳ ಒಂದು ಜೊತೆ ಚಪ್ಪಲಿ ಬಾಗಿಲ ಬಳಿಯೇ ಉಳಿದುಹೋಗಿತ್ತು.

ಆಮೇಲೆ ಸಕ್ಕರೆ ಕಾಯಿಲೆ ಬಂತು. ಅದು ಮೊದಲು ಅವಳ ಪಾದಗಳನ್ನು ಹಿಡಿಯಿತು. ಜುಮುಜುಮು ಅನ್ನುತ್ತಿದ್ದದ್ದು ಬರಬರುತ್ತಾ ಅದೂ ಇಲ್ಲವಾಯಿತು. ಪಾದಗಳು ಊದಿ ಅಗಲವಾದವು, ತನ್ನವಲ್ಲದ ಹಾಗೆ ಕೆಳಗೆಲ್ಲೋ ಇದ್ದವು. ಒಮ್ಮೆ ಪಾಳಿ ಮುಗಿಸಿ ಬೂಟು ಬಿಚ್ಚಿದರೆ ಒಳಗೆ ಒಂದು ಲೋಹದ ಗುಂಡಿ. ಬೆಳಗಿನಿಂದ ಅದರ ಮೇಲೆಯೇ ನಿಂತಿದ್ದಳು. ಹೆಬ್ಬೆರಳ ಕೆಳಗೆ ಆದ ಆ ಗಾಯ ಒಂದು ಚಳಿಗಾಲ ಪೂರ್ತಿ ತಿಂದು ಈಗಷ್ಟೇ ಮುಚ್ಚಿತ್ತು. ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: ಬೂಟಿನೊಳಗೆ ಕೈ ಹಾಕಿ ನೋಡದೆ ಹಾಕಬೇಡಿ, ಬಿಗಿಯಾದದ್ದನ್ನು ಮುಟ್ಟಲೇಬೇಡಿ, ಹೆಚ್ಚು ನಡೆಯಬೇಡಿ. ಆ ಗಾಯ ಮತ್ತೆ ಬಾಯಿ ತೆರೆದರೆ ಪಾದ ಉಳಿಸುವುದು ನನ್ನ ಕೈಲಿಲ್ಲ.

ಇಷ್ಟರಲ್ಲಿ ಮಗಳು ಬಂದಳು.

ಅವಳು ಬೂಟಿನ ಕಾರ್ಖಾನೆಯಲ್ಲಿ ಮೇಲ್ಭಾಗದ ಚರ್ಮ ಹೊಲಿಯುವ ಕೆಲಸಕ್ಕೆ ಸೇರಿ ಈಗ ಆ ವಿಭಾಗವನ್ನೇ ನೋಡಿಕೊಳ್ಳುತ್ತಿದ್ದಳು. ರಾಜಧಾನಿಯಲ್ಲಿ ಚರ್ಮದ ಸರಕಿನ ದೊಡ್ಡ ಪ್ರದರ್ಶನ. ಕಾರ್ಖಾನೆಯವರು ಮಳಿಗೆ ಹಾಕಿದ್ದರು, ಜೊತೆಗೆ ಇವಳನ್ನೂ ಕರೆತಂದಿದ್ದರು. ಕಡೆಯ ದಿನ ಮಾತ್ರ ಬಿಡುವು. ಮರುದಿನ ಬೆಳಿಗ್ಗೆ ವಿಮಾನ.

ತಾಯಿ ಮಳಿಗೆಗೆ ಹೋದಾಗ ಮಗಳು ಗಿರಾಕಿಯೊಬ್ಬನಿಗೆ ಹೊಲಿಗೆ ತೋರಿಸುತ್ತಿದ್ದಳು. ತಬ್ಬಿಕೊಳ್ಳಬೇಕೋ ಬೇಡವೋ ಎಂದು ಇಬ್ಬರಿಗೂ ತಿಳಿಯಲಿಲ್ಲ. ನಡುವೆ ಮೇಜಿತ್ತು, ಅದೇ ಒಳ್ಳೆಯದಾಯಿತು.

“ದೊಡ್ಡಮ್ಮ, ಇದು ನಿಮಗೆ,” ಎಂದು ಮಗಳು ಒಂದು ಡಬ್ಬಿ ಮುಂದಿಟ್ಟಳು. “ನಾನೇ ಹೊಲಿದಿದ್ದು. ಚರ್ಮ ಆರಿಸಿದ್ದರಿಂದ ಹಿಡಿದು ಲೇಸು ಹಾಕೋವರೆಗೂ ಬೇರೆ ಯಾರಿಗೂ ಮುಟ್ಟಕ್ಕೆ ಬಿಟ್ಟಿಲ್ಲ.”

ಕಂದುಬಣ್ಣದ ಬೂಟುಗಳು. ಹೊಲಿಗೆ ಇರುವೆ ಸಾಲು ಹಿಡಿದ ಹಾಗೆ.

“ನನ್ನ ಅಳತೆ ನಿನಗೆ ಹೇಗೆ ಗೊತ್ತಾಯ್ತು?”

“ನಿಮ್ಮ ಚಪ್ಪಲಿ ಇತ್ತಲ್ಲ ಮನೇಲಿ. ಅದನ್ನೇ ಕಾಗದದ ಮೇಲೆ ಇಟ್ಟು ಗೆರೆ ಎಳ್ಕೊಂಡೆ.” ಮಗಳು ನಕ್ಕಳು. “ನಾಳೆ ಇದನ್ನೇ ಹಾಕ್ಕೊಂಡು ಬನ್ನಿ. ಕುದುರೆಯಿಂದ ಬಂದರಿನವರೆಗೂ ಅಂದಿದ್ರಿ. ನೆನಪಿದೆ ತಾನೆ?”

“ನೆನಪಿಲ್ದೆ ಏನು,” ಎಂದಳು ತಾಯಿ.

ಮರುದಿನ ಬೆಳಿಗ್ಗೆ ಕೋಣೆಯಲ್ಲಿ ರಂಪವಾಯಿತು. ಅವಳ ಜೊತೆ ಇರುತ್ತಿದ್ದವಳು ಅದೇ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದ ಮುಂದೆ ನಿಲ್ಲುವವಳು, ಎಲ್ಲರಿಗೂ ಇಸ್ತ್ರಿ ಅಕ್ಕ. ಬಾಯಿ ಜೋರು, ಕರುಳು ಮೆತ್ತಗೆ. ಗೆಳತಿ ಚಮಚದ ಹಿಡಿಯನ್ನು ಹಿಮ್ಮಡಿಗೆ ಕೊಟ್ಟು ಕಾಲು ತುರುಕುವುದನ್ನು ನೋಡಿ ಅವಳು ಚಹಾದ ಲೋಟ ಕುಕ್ಕಿದಳು.

“ಏನೇ ಇದು? ದಿಂಬಿನ ಚೀಲಕ್ಕೆ ಹಾಸಿಗೆ ತುರುಕಿದ ಹಾಗೆ ತುರುಕ್ತಾ ಇದೀಯ! ಡಾಕ್ಟ್ರು ಹೇಳಿದ್ದು ಯಾವ ಕಿವಿಗೆ ಬಿತ್ತು, ಯಾವ ಕಿವೀಲಿ ಹೋಯ್ತು?”

“ಹೊಸದಲ್ವಾ ಅಕ್ಕ, ನಡೀತಾ ಸಡಿಲ ಆಗುತ್ತೆ.”

“ಸಡಿಲ ಆಗೋದು ಬೂಟಲ್ಲ, ನಿನ್ನ ಕಾಲು. ಆಯ್ತಮ್ಮ, ಹೋಗು. ಒಂದು ಕಾಲು ಕತ್ತರಿಸಿದ ಮೇಲೆ ಆ ಕಡೆ ಬೂಟು ನನಗೆ ಕೊಡು, ಮಣ್ಣು ತುಂಬಿ ಗಿಡ ನೆಡ್ತೀನಿ.” ಆಮೇಲೆ ದನಿ ಇಳಿಸಿ, “ಅವಳಿಗೆ ಒಂದು ಮಾತು ಹೇಳೇ. ನನ್ನ ಕಾಲು ಹಿಂಗಾಗಿದೆ ಮಗಳೇ, ಕಾರಲ್ಲಿ ಹೋಗೋಣ ಅನ್ನು. ಬೇಡ ಅಂತಾಳಾ?”

“ಬೇಡ ಅನ್ನಲ್ಲ ಅಕ್ಕ. ಸರಿ ಅಂತಾಳೆ. ಆಗಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು ಅನ್ನೋ ಹಾಗೆ ಸರಿ ಅಂತಾಳೆ. ಅದನ್ನ ಕೇಳೋಕಾಗಲ್ಲ ನನ್ನ ಕೈಲಿ.”

ಇಸ್ತ್ರಿ ಅಕ್ಕ ಲಾಂಡ್ರಿಯ ದಪ್ಪ ಕಪ್ಪು ಕಾಲುಚೀಲವನ್ನಾದರೂ ಹಾಕಿಕೊಂಡಿದ್ದೀಯಾ ಎಂದು ಬಗ್ಗಿ ನೋಡಿ ಬಾಗಿಲು ತೆಗೆದಳು.

ಕಂಚಿನ ಕುದುರೆ ಕ್ಯಾಲೆಂಡರಿನಲ್ಲಿ ಇದ್ದದ್ದಕ್ಕಿಂತ ಚಿಕ್ಕದಾಗಿತ್ತು. ಸರದಾರನ ತಲೆಯ ಮೇಲೆ ಪಾರಿವಾಳಗಳು ಹಿಕ್ಕೆ ಹಾಕಿ ಬೆಳ್ಳಗೆ ಮಾಡಿದ್ದವು. ಮಗಳು ಬರುತ್ತಲೇ ಮಂಡಿಯೂರಿ ಬೂಟಿನ ಮೂತಿಯನ್ನು ಹೆಬ್ಬೆರಳಲ್ಲಿ ಒತ್ತಿದಳು.

“ಮುಂದೆ ಗಟ್ಟಿ ಪಟ್ಟಿ ಇಟ್ಟಿದ್ದೀನಿ, ಒತ್ತಿದ್ರೆ ಏನೂ ತಿಳಿಯಲ್ಲ. ನೀವೇ ಹೇಳ್ಬೇಕು. ಎಲ್ಲಾದ್ರೂ ಹಿಡೀತಿದ್ಯಾ? ಬೆರಳ ಹತ್ರ? ಹಿಂದೆ?”

“ಎಲ್ಲೂ ಹಿಡೀತಿಲ್ಲ.”

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವಳ ಕಾಲಿಗೆ ಏನೂ ತಿಳಿಯುತ್ತಿರಲಿಲ್ಲ.

“ಹೊಸ ಚರ್ಮ ಮೊದಮೊದಲು ಕಚ್ಚೇ ಕಚ್ಚುತ್ತೆ. ಇದು ಎಲ್ಲೂ ಹಿಡೀಲಿಲ್ಲ ಅಂತ ನಮ್ಮ ಮೇಸ್ತ್ರಿಗೆ ಹೇಳಿದ್ರೆ ನಂಬಲ್ಲ.” ಮಗಳು ಕೈ ಒರೆಸಿಕೊಂಡು ಎದ್ದಳು. ಮುಖ ಅರಳಿತ್ತು.

ಅವರು ನಡೆದರು. ಕುದುರೆಯ ಚೌಕದಿಂದ ಹೊರಡುವ ಬೀದಿಯಲ್ಲಿ ಬೇಕರಿಯ ಒಲೆಯಿಂದ ಆಗತಾನೆ ತೆಗೆದ ಬ್ರೆಡ್ಡು ಹಂಚಿಕೊಂಡು ತಿಂದರು. ಅದರ ಮುಂದಿನ ಬೀದಿಯಲ್ಲಿ ತಳ್ಳುಗಾಡಿಯವನು ಕಾಗದದ ಪೊಟ್ಟಣದಲ್ಲಿ ಹುರಿದ ಮೀನು ಕಟ್ಟಿಕೊಟ್ಟ. ಮಗಳು ಮುಳ್ಳು ಬಿಡಿಸುತ್ತಾ ಊರಿನ ಸುದ್ದಿ ಹೇಳಿದಳು: ಚಿಕ್ಕಮ್ಮನಿಗೆ ಕನ್ನಡಕ ಬಂತು, ಆದರೆ ಸೂಜಿಗೆ ದಾರ ಪೋಣಿಸಲು ಈಗಲೂ ಪಕ್ಕದ ಮನೆಯವರನ್ನು ಕೂಗುತ್ತಾಳೆ, ಚಿಕ್ಕಪ್ಪ ಗೊರಕೆ ಹೊಡೆಯುವುದಿಲ್ಲ ಎಂದು ವಾದಿಸುತ್ತಾ ವಾದಿಸುತ್ತಾ ಗೊರಕೆ ಹೊಡೆಯುತ್ತಾನೆ. ತಾಯಿ ನಕ್ಕಳು. ಹಿಂದೆ ಯಾವಾಗ, ಯಾರ ಜೊತೆ ಹೀಗೆ ನಕ್ಕಿದ್ದಳೋ ಅವಳಿಗೆ ನೆನಪಾಗಲಿಲ್ಲ. ಗುಮ್ಮಟದ ಸಂಸತ್ ಭವನ ಬಂತು, ಅದರ ಕಬ್ಬಿಣದ ಬೇಲಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಮಾರುಕಟ್ಟೆಯಲ್ಲಿ ಬಿಸಿ ಸಾರು ಕುಡಿದರು. ಆಮೇಲೆ ಮಗಳು ಸಕ್ಕರೆ ಪಾಕದಲ್ಲಿ ಅದ್ದಿದ ಕರಿದ ಉಂಡೆಗಳನ್ನು ತಂದಳು, ಕೈಯಾರೆ ಒಂದನ್ನು ತಾಯಿಯ ಬಾಯಿಗಿಟ್ಟಳು.

ಸಕ್ಕರೆ ಅವಳಿಗೆ ವಿಷ. ಉಗುಳಲಾಗಲಿಲ್ಲ. ಅಗಿದು ನುಂಗಿದಳು.

“ಇನ್ನೊಂದು?”

“ಸಾಕು ಮಗಳೇ.”

“ನೀವು ಬೀದಿಗೊಂದು ತಿಂಡಿ ಅಂದಿದ್ರಿ. ಒಬ್ಬಳೇ ತಿನ್ನು ಅಂತ ಹೇಳಿರ್ಲಿಲ್ಲ.”

ಇನ್ನೊಂದನ್ನೂ ನುಂಗಿದಳು.

ದಾರಿ ಅವಳಿಗೂ ಹೊಸದು. ಮಗಳು ಬರುತ್ತಾಳೆಂದು ತಿಳಿದಾಗಿನಿಂದ ವಾರಗಟ್ಟಲೆ ಲಾಂಡ್ರಿಯ ಡ್ರೈವರುಗಳನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಳು. ಹಳೇ ಊರಿನ ಕಲ್ಲುಹಾಸಿನ ಓಣಿಗಳಲ್ಲಿ ಎರಡು ಸಲ ತಪ್ಪಿದರು. ಕಲ್ಲುಗಳು ಉಬ್ಬುತಗ್ಗು. ಅವಳು ಕಾಲನ್ನು ನೋಡಿ ನೋಡಿ ಇಡಬೇಕಿತ್ತು, ನೋಡದಿದ್ದರೆ ಎಲ್ಲಿ ಬಿತ್ತೆಂದು ತಿಳಿಯದು. ಬಲಗಾಲು ಬೂಟಿನೊಳಗೆ ಜಾರಿದಂತೆ ಅನ್ನಿಸತೊಡಗಿತು. ಬೆವರಿರಬೇಕು ಅಂದುಕೊಂಡಳು. ಬೆವರಲ್ಲ ಎಂದೂ ಅವಳಿಗೆ ಗೊತ್ತಿತ್ತು. ಬಿಚ್ಚಿ ನೋಡಿದರೆ ನಡಿಗೆ ಅಲ್ಲಿಗೇ ನಿಲ್ಲುತ್ತದೆ. ನೋಡದಿದ್ದರೆ ಇನ್ನೂ ಸ್ವಲ್ಪ ದೂರ ಹೋಗಬಹುದು. ಹೀಗೆ ಲೆಕ್ಕ ಹಾಕುತ್ತಾ ಅವಳು ಬಾಯಲ್ಲಿ ಬೀದಿಗಳ ಹೆಸರು ಹೇಳುತ್ತಾ ನಡೆದಳು.

“ಅಯ್ಯೋ, ನನಗೇ ಕಾಲು ಬಿದ್ದುಹೋಯ್ತು,” ಎಂದು ಮಗಳು ಒಂದು ಕಟ್ಟೆಯ ಮೇಲೆ ಕುಳಿತಳು. “ನಿಮಗೆ ನೋಯ್ತಿಲ್ವಾ ದೊಡ್ಡಮ್ಮ? ಎಷ್ಟು ಗಟ್ಟಿ ಇದ್ದೀರಪ್ಪ!”

“ನೋವು ಅನ್ನೋದೇ ಇಲ್ಲ ನನಗೆ.”

“ಬೂಟು ನೋಡಿ ಮತ್ತೆ, ಯಾರು ಹೊಲಿದಿದ್ದು!”

ಅರಮನೆಯ ಬಾಗಿಲಲ್ಲಿ ಕಾವಲಿನ ಹೆಂಗಸೊಬ್ಬಳು ಎಲ್ಲರ ಪಾದಗಳತ್ತ ಬೆರಳು ತೋರಿಸುತ್ತಿದ್ದಳು. ಒಳಗೆ ಹಳೇ ಮರದ ನೆಲ, ಕನ್ನಡಿಯ ಹಾಗೆ ಮೆರುಗು ಹಾಕಿದ್ದು. ಬೂಟು ಬಿಚ್ಚದೆ ಯಾರೂ ಕಾಲಿಡುವಂತಿಲ್ಲ.

ತಾಯಿ ಬಾಗಿಲ ಪಕ್ಕದ ಬೆಂಚಿನ ಕಡೆ ಸರಿದಳು.

“ನೀನು ನೋಡ್ಕೊಂಡು ಬಾ. ನಾನು ಇಲ್ಲೇ ಕೂತಿರ್ತೀನಿ.”

“ಯಾಕೆ?”

“ಏನೋ… ರಾಜರ ಮನೆ ನೋಡಿ ನನಗೇನು ಆಗ್ಬೇಕು.”

ಮಗಳು ಆಗಲೇ ಒಂದು ಬೂಟು ಬಿಚ್ಚಿದ್ದಳು. ಅದನ್ನು ಕೈಯಲ್ಲಿ ಹಿಡಿದೇ ತಾಯಿಯ ಮುಖ ನೋಡಿದಳು. ಬೆಳಗಿನಿಂದ ಅರಳಿದ್ದ ಮುಖ ನಿಧಾನವಾಗಿ ಮುಚ್ಚಿಕೊಂಡಿತು. ದನಿಯಲ್ಲಿ ಸಿಟ್ಟೂ ಇರಲಿಲ್ಲ.

“ಸರಿ. ಅರ್ಧಕ್ಕೆ ಬಿಟ್ಟುಹೋಗೋದು ನಿಮಗೇನು ಹೊಸದಲ್ಲ ಬಿಡಿ.”

ತಾಯಿ ಬೆಂಚಿನ ಮೇಲೆ ಮಗಳಿಗೆ ಬೆನ್ನು ಮಾಡಿ ಕುಳಿತು ಲೇಸು ಬಿಚ್ಚಿದಳು. ಎಡಗಡೆಯದು ಬಂತು. ಬಲಗಡೆಯದು ಬರಲಿಲ್ಲ. ಎರಡು ಕೈಯಲ್ಲಿ ಹಿಡಿದು ಎಳೆದಾಗ ಒದ್ದೆ ಬಟ್ಟೆ ಹಿಂಡಿದಂಥ ಸದ್ದು ಮಾಡಿ ಕಳಚಿಕೊಂಡಿತು. ಕಪ್ಪು ಕಾಲುಚೀಲದ ಮೇಲೆ ಬಣ್ಣ ಕಾಣುವಂತಿರಲಿಲ್ಲ. ಆದರೆ ವಾಸನೆ ಅವಳಿಗೆ ಗೊತ್ತಿತ್ತು. ಮೂಟೆ ಬಿಚ್ಚುವಾಗ ದಿನವೂ ಮೂಗಿಗೆ ಬಡಿಯುವ ವಾಸನೆ. ಬೂಟನ್ನು ಬೆಂಚಿನ ಕೆಳಗೆ ಒಳಕ್ಕೆ ತಳ್ಳಿದಳು.

“ಬಾ ಮಗಳೇ, ಹೋಗೋಣ,” ಎಂದಳು.

ಒಳಗೆ ಗೋಡೆ ತುಂಬ ಆಳೆತ್ತರದ ಚಿತ್ರಪಟಗಳು. ಚಾವಣಿಯಲ್ಲಿ ಮೋಡಗಳನ್ನು ಬಿಡಿಸಿದ್ದರು. ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟುವಾಗ ಮಗಳ ಮುನಿಸು ಕರಗಿತು. ಮೂರನೆಯ ಕೋಣೆಯಲ್ಲಿ, ಊಟಕ್ಕೆ ಅಣಿಮಾಡಿಟ್ಟ ಉದ್ದನೆಯ ಮೇಜಿನ ಮುಂದೆ, ಅವಳು ತಾಯಿಯ ತೋಳಿನೊಳಗೆ ತನ್ನ ತೋಳು ಸೇರಿಸಿದಳು. ಬಸ್ಸು ಹತ್ತಿದ ದಿನದ ನಂತರ ಮೊದಲ ಸಲ.

“ಇಷ್ಟು ದೊಡ್ಡ ಮೇಜು! ಆ ತುದೀಲಿರೋ ಗಂಡ ಉಪ್ಪು ಕೇಳಿದ್ರೆ ಈ ತುದೀಲಿರೋ ಹೆಂಡ್ತಿ ಬಸ್ಸು ಹಿಡೀಬೇಕು.”

ತಾಯಿ ನಗಲೆಂದು ಬಾಯಿ ತೆರೆದಳು. ಹಿಂದಿನಿಂದ ಕಾವಲಿನ ಹೆಂಗಸು ಏನೋ ಕೂಗಿದಳು. ಮಗಳು ತಿರುಗಿ ನೋಡಿದಳು.

ಹೊಳೆಯುವ ನೆಲದ ಮೇಲೆ, ಬಾಗಿಲಿನಿಂದ ಮೇಜಿನವರೆಗೆ, ಗಾಢವಾದ ಗುರುತುಗಳು. ಒಂದೇ ಪಾದದವು.

“ಯಾರೋ ಏನೋ ಚೆಲ್ಲಿದ್ದಾರೆ,” ಎಂದಳು ಮಗಳು. ಆಮೇಲೆ ಅವಳ ಕಣ್ಣು ಒಂದು ಗುರುತಿನಿಂದ ಇನ್ನೊಂದಕ್ಕೆ ಬಂದು, ತಾಯಿಯ ಬಲಗಾಲ ಬಳಿ ನಿಂತಿತು.

“ಏನಿಲ್ಲ ಮಗಳೇ. ಬಂದರು ಇಲ್ಲಿಂದ ಹೆಚ್ಚು ದೂರ ಇಲ್ಲ. ಸೇತುವೆ ದಾಟಿದ್ರೆ…”

ಮಗಳಿಗೆ ಕೇಳಿಸಲಿಲ್ಲ. ಅವಳು ಕಾವಲಿನವಳ ಎರಡು ಕೈಗಳನ್ನೂ ಹಿಡಿದುಕೊಂಡು, ತನ್ನ ಮಾತು ಆಕೆಗೆ ತಿಳಿಯದೆಂಬುದನ್ನೇ ಮರೆತು, ಡಾಕ್ಟ್ರು, ಡಾಕ್ಟ್ರು ಎಂದು ಕಿರುಚುತ್ತಿದ್ದಳು.

ಆಸ್ಪತ್ರೆಯಲ್ಲಿ ಅವಳನ್ನು ಮಲಗಿಸಿದ ಹಾಸುಬಟ್ಟೆಯ ಅಂಚಿನಲ್ಲಿ ಲಾಂಡ್ರಿಯ ಮುದ್ರೆಯಿತ್ತು. ಕಾಲು ಅದಕ್ಕೆ ತಾಗದಂತೆ ಎತ್ತಿ ಹಿಡಿಯಲು ನೋಡಿದಳು, ರಕ್ತದ್ದು ಸುಲಭಕ್ಕೆ ಹೋಗುವುದಿಲ್ಲವೆಂದು. ನರ್ಸು ಕಾಲನ್ನು ಒತ್ತಿ ಇರಿಸಿದಳು. ಎಚ್ಚರಿಕೆ ಹೇಳಿದ್ದ ಡಾಕ್ಟರೇ ಬಂದರು. ಮಗಳು ಬೂಟುಗಳನ್ನು ಎದೆಗೆ ಅವುಚಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಆ ದೇಶದ ಮಾತು ಅವಳಿಗೆ ಬಾರದು.

ಡಾಕ್ಟರು ಕಾಲುಚೀಲ ಕತ್ತರಿಸಿ ತೆಗೆದರು. ಬಹಳ ಹೊತ್ತು ನೋಡಿದರು. ಆಮೇಲೆ ಕೈ ಚಾಚಿ ಮಗಳಿಂದ ಬಲಗಡೆಯ ಬೂಟನ್ನು ತೆಗೆದುಕೊಂಡು ತಾಯಿಯ ಪಾದದ ಪಕ್ಕ ಹಿಡಿದರು. ಕಣ್ಣಿದ್ದವರಿಗೆ ಅಷ್ಟೇ ಸಾಕಿತ್ತು. ಆದರೆ ಮಗಳು ಗಾಯವನ್ನು ನೋಡಲಾರದೆ ಮುಖ ತಿರುಗಿಸಿದ್ದಳು.

“ಮೇಲೆ ಮುಚ್ಚಿದ್ದ ಗಾಯ ಒಳಗೇ ಕೊಳೆತಿತ್ತು, ಈಗ ಒಡೆದಿದೆ. ಮೂಳೆ ಕಾಣ್ತಿದೆ,” ಎಂದರು ಡಾಕ್ಟರು, ಆ ದೇಶದ ಮಾತಿನಲ್ಲಿ. “ಈ ಬೂಟನ್ನ ನಿಮಗೆ ಯಾರು ಕೊಟ್ಟಿದ್ದು? ಇದು ಬೇರೆ ಯಾರದೋ ಕಾಲಿನ ಅಳತೆ. ಬೆರಳುಗಳಿಗೆ ರಕ್ತವೇ ಹೋಗಿಲ್ಲ.”

“ಏನಂತಾರೆ?” ಎಂದಳು ಮಗಳು. “ದೊಡ್ಡಮ್ಮ, ಏನಂತಾರೆ? ಬೂಟು ಹಿಡೀತಿತ್ತಾ? ನನ್ನ ಬೂಟಿಂದ ಆಗಿದ್ದಾ?”

ತಾಯಿ ಡಾಕ್ಟರ ಮುಖವನ್ನೊಮ್ಮೆ, ಮಗಳ ಮುಖವನ್ನೊಮ್ಮೆ ನೋಡಿದಳು.

“ಛೇ, ಬೂಟಿಂದ ಅಲ್ವಂತೆ. ಹಳೇ ಗಾಯ, ಲಾಂಡ್ರೀಲಿ ಆಗಿದ್ದು. ಬೂಟು ಚೆನ್ನಾಗಿ ಇದ್ದಿದ್ರಿಂದ ಇಷ್ಟರಲ್ಲೇ ಉಳೀತು ಅಂತಾರೆ. ಒಳ್ಳೇ ಚರ್ಮ, ಒಳ್ಳೇ ಕೈಕೆಲಸ ಅಂದ್ರು.”

ಮಗಳು ಉಸಿರು ಬಿಟ್ಟಳು. ಕಣ್ಣೊರೆಸಿಕೊಂಡು ಮುಂದೆ ಬಂದಳು. ಡಾಕ್ಟರ ಕೈಯಲ್ಲಿದ್ದ ಬೂಟಿನ ಹೊಲಿಗೆಯ ಮೇಲೆ ಬೆರಳಾಡಿಸಿ, ತನ್ನ ಎದೆ ಮುಟ್ಟಿಕೊಂಡು, ಸೂಜಿ ಎಳೆಯುವ ಹಾಗೆ ಕೈ ಆಡಿಸಿ ತೋರಿಸಿದಳು. ನಾನೇ ಹೊಲಿದದ್ದು ಎಂದು. ಅಳುವಿನ ನಡುವೆ ಅವಳ ತುಟಿಯಲ್ಲಿ ಸಣ್ಣ ನಗು ಮೂಡಿತು.

ಡಾಕ್ಟರು ಅವಳನ್ನೇ ನೋಡುತ್ತಾ ನಿಂತರು.

“ಇವಳು ಯಾರು?”

“ನನ್ನ ಮಗಳು,” ಎಂದಳು ತಾಯಿ, ಆ ದೇಶದ ಮಾತಿನಲ್ಲಿ.

“ನಾನು ಹೇಳಿದ್ದನ್ನ ಅವಳಿಗೆ ತಿಳಿಸಿದ್ರಾ?”

“ತಿಳಿಸಿದೆ.”

“ಎರಡು ದಿನ ಔಷಧಿ ಹಾಕಿ ನೋಡ್ತೀನಿ. ಇಳಿಯದಿದ್ರೆ ಪಾದ ತೆಗೀಬೇಕು. ಇಳಿಯುತ್ತೆ ಅಂತ ನನಗೆ ನಂಬಿಕೆ ಇಲ್ಲ. ಅದನ್ನೂ ಹೇಳಿ.”

“ಏನಂದ್ರು?” ಎಂದಳು ಮಗಳು.

“ಎರಡು ದಿನ ಔಷಧಿ ಹಾಕಿದ್ರೆ ಒಣಗುತ್ತಂತೆ.”

“ನಿಜವಾಗ್ಲೂ ಅಷ್ಟೇ ಹೇಳಿದ್ರಾ? ಅಷ್ಟುದ್ದ ಮಾತಾಡಿದ್ರಲ್ಲ?”

“ಡಾಕ್ಟ್ರಲ್ವಾ. ಕೊಯ್ಯೋದು ಬಿಟ್ರೆ ಮಾತಾಡೋದೇ ಅವರ ಕೆಲಸ.”

ಮಗಳು ಮಂಚದ ಅಂಚಿನಲ್ಲಿ ಕುಳಿತಳು. ವಿಮಾನ ಮುಂದಕ್ಕೆ ಹಾಕಿಸುತ್ತೇನೆಂದಳು. ತಾಯಿ ಗದರಿದಳು: ಮಾಲೀಕರು ಕರ್ಕೊಂಡು ಬಂದಿದ್ದಾರೆ, ನೀನು ಇಲ್ಲಿ ಕೂತ್ಕೊಂಡು ನನ್ನ ಬ್ಯಾಂಡೇಜು ಕಾಯ್ತೀಯಾ, ಕೆಲಸ ಉಳಿಸ್ಕೋ ಮೊದಲು. ಹಾಗೆ ಗದರುವ ಅಧಿಕಾರ ತನಗಿದೆಯೋ ಇಲ್ಲವೋ ಎಂದು ಯೋಚಿಸುವಷ್ಟರಲ್ಲಿ ಬಾಯಿಂದ ಬಂದುಬಿಟ್ಟಿತ್ತು. ಮಗಳು ಬೈಸಿಕೊಂಡಳು, ಎದುರಾಡಲಿಲ್ಲ. ಕಾರ್ಖಾನೆಯವರು ಫೋನು ಮಾಡಿ ಅವಸರಪಡಿಸುವವರೆಗೂ ಅವಳು ತಾಯಿಯ ಕೈ ಬಿಡಲಿಲ್ಲ.

“ಬೆಳಿಗ್ಗೇನೇ ಒಂದು ಮಾತು ಹೇಳಿದ್ರೆ ನಾನೇನು ನಡೆಸ್ತಿದ್ನಾ ನಿಮ್ಮನ್ನ? ಹಾಗೆ ಅಂದ್ಕೊಂಡ್ರಾ ನನ್ನ?”

ತಾಯಿ ಇನ್ನೊಂದು ಕೈಯಲ್ಲಿ ಹಾಸುಬಟ್ಟೆಯ ಸುಕ್ಕು ನೇರಮಾಡಿದಳು.

“ಅಲ್ಲಿ ಅರಮನೆ ಹತ್ರ ನಾನು ಹಾಗನ್ನಬಾರದಿತ್ತು.”

“ಏನಂದೆ? ನನಗೆ ನೆನಪೇ ಇಲ್ಲ.”

“ಉಳಿದದ್ದು ಮುಂದಿನ ಸಲ,” ಎಂದಳು ಮಗಳು ಬಾಗಿಲಲ್ಲಿ. “ಸೇತುವೆ, ಬಂದರು. ಗಾಯ ಪೂರ್ತಿ ಒಣಗಿದ ಮೇಲೆ. ಬರ್ತೀನಿ ದೊಡ್ಡಮ್ಮ.”

“ಹೂಂ,” ಎಂದಳು ತಾಯಿ. ಬೇರೆ ಏನನ್ನೂ ಹೇಳಲು ಅವಳಿಗೆ ಧೈರ್ಯವಾಗಲಿಲ್ಲ.

ಅದೇ ವಾರ ಅವಳ ಬಲಪಾದವನ್ನು ತೆಗೆದರು. ಕಲ್ಲಿನ ಸೇತುವೆಯನ್ನೂ ಬಂದರನ್ನೂ ಮಗಳಿಗೆ ನಡೆಸಿ ತೋರಿಸಲಾಗಲಿಲ್ಲ. ಅವಳು ಕೊಟ್ಟ ಮಾತು ಮುರಿಯಿತು.